ತಲೆಬಾಗುವುದು ಯಾರಿಗೆ?

ಬಸವ ಜಯಂತಿ ಬಂತೆಂದರೆ ಪತ್ರಿಕೆಗಳ ವಿಶೇಷ ಪುಟಗಳ ತುಂಬ ಕಿಂಕರಭಾವದ ಲೇಖನಗಳು. 2024ರಲ್ಲಿ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿದ ಮೇಲಂತೂ ಈ ಬರಹಗಳಿಗೆ ಹೊಸ ಹುರುಪು ಬಂದಿದೆ. ಬಹುಪಾಲು ಲೇಖಕರ ವಾದ ಒಂದೇ: ಬಸವಣ್ಣನವರು ತಾವು ಎಲ್ಲರಿಗಿಂತ ಕಿರಿಯರೆಂದರು, ಹಾಗಾಗಿ ನೀವೂ ಪೀಠದ ಮುಂದೆ, ಹಿರಿಯರ ಮುಂದೆ ತಗ್ಗಿ ನಡೆಯಿರಿ. ಮೊದಲನೆಯದು ನಿಜ. ಎರಡನೆಯದು ಅದರಿಂದ ಹುಟ್ಟುವುದಿಲ್ಲ. ಕೂಡಲಸಂಗನ ಮುಂದೆ ಅಷ್ಟು ಕುಗ್ಗಿದವರು ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಲೇ ಬಿಜ್ಜಳನಿಗೆ ಅಂಜದೆ ಬದುಕಿದರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಕಲ್ಯಾಣದ ಶರಣರು ಯಾವ ಹಿರಿಯರ ಅಪ್ಪಣೆಗೂ ಕಾಯಲಿಲ್ಲ.

'ಶೂನ್ಯಸಂಪಾದನೆ'ಯನ್ನು ಈ ಲೇಖಕರು ನಿಧಾನವಾಗಿ ಓದಬೇಕು. ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸುತ್ತಿದ್ದಾನೆ. ಅಲ್ಲಮ ಬಂದು ಅವನನ್ನು ಹಗುರವಾಗಿ ಕರೆದಾಗ ಕೆಲಸದವರು ಕಲ್ಲೆಸೆಯುತ್ತಾರೆ, ಸಿದ್ಧರಾಮನೂ ಸಿಡಿದೇಳುತ್ತಾನೆ. ಅಲ್ಲಿ ಅಲ್ಲಮ ಮುರಿದದ್ದು ನಾನು ಮಾಡಿದೆನೆಂಬ ಹಮ್ಮನ್ನು. ತನಗೆ ಅಡ್ಡಬೀಳೆಂದು ಕೇಳಲು ಅವನು ಅಷ್ಟು ದೂರ ಬಂದಿರಲಿಲ್ಲ. ಮುಕ್ತಾಯಕ್ಕನ ಪ್ರಸಂಗ ಇದಕ್ಕಿಂತಲೂ ದೊಡ್ಡದು. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಅಳುತ್ತಿರುವ ಹೆಣ್ಣುಮಗಳು ಆಕೆ. ಅವನೇ ಆಕೆಗೆ ಗುರು. ಸಂತೈಸಲು ಬಂದ ಅಲ್ಲಮನ ಮಾತನ್ನು ಆಕೆ ಸುಲಭಕ್ಕೆ ಒಪ್ಪುವುದಿಲ್ಲ. ಅರಿತವನಾದರೆ ಇಷ್ಟು ಮಾತೇಕೆ ಎಂದು ಅವನನ್ನೇ ಕೆಣಕುತ್ತಾಳೆ. ಅವಳಿಗೆ ವಿನಯವಿಲ್ಲವೆಂದು ಅಲ್ಲಮ ಗದರಿಸಲಿಲ್ಲ. ತನ್ನನ್ನು ತಾನು ಅರಿತವರಿಗೆ ಒಳಗಿನ ಅರಿವೇ ಗುರುವೆಂಬ ದಾರಿಗೆ ಆಕೆಯನ್ನು ತಂದ. ಲಿಂಗವನ್ನು ಅಂಗೈಯಲ್ಲಿಟ್ಟು ನೋಡುವ ಪಂಥ ಇದು. ನಡುವೆ ಪೂಜಾರಿಗೆ ಜಾಗವಿಲ್ಲ. ಆ ಅರಿವಿಗೆ ಪೂರ್ತಿ ಸೋತವರಿಗೆ ಹೊರಗಿನ ದೊಡ್ಡವರ ಮುಂದೆ ನೆಟ್ಟಗೆ ನಿಲ್ಲುವುದು ಕಷ್ಟವಾಗುವುದಿಲ್ಲ.

ನಮ್ಮ ಕೋಪಕ್ಕೆ ಕಾರಣವಿದೆ. 1989ರಲ್ಲಿ 'ಮಾರ್ಗ' ಎಂಬ ಸಂಶೋಧನಾ ಲೇಖನಗಳ ಸಂಪುಟದ ಬರಹಗಳಿಗಾಗಿ ಎಂ. ಎಂ. ಕಲಬುರ್ಗಿಯವರ ಮೇಲೆ ಮುಗಿಬಿದ್ದವರು ಅವರಿಂದ ಬಯಸಿದ್ದು ಈ ತಲೆತಗ್ಗಿಸುವ ವಿನಯವನ್ನೇ. ಕುಟುಂಬದ ಜೀವ ಉಳಿಸಿಕೊಳ್ಳಲು ಅವರು ಬರೆದದ್ದನ್ನು ಹಿಂತೆಗೆದುಕೊಂಡರು. ಅದನ್ನು ತಮ್ಮ ಬೌದ್ಧಿಕ ಆತ್ಮಹತ್ಯೆಯೆಂದು ಅವರೇ ಹೇಳಿಕೊಂಡರು. ವಚನಗಳನ್ನು ಸಂಪಾದಿಸಲು ಬಾಳನ್ನೇ ಸವೆಸಿದ ವಿದ್ವಾಂಸರು ಅವರು. ಅವರಿಗಿಂತ ಹೆಚ್ಚು ವಚನಕ್ಕೆ ಶರಣಾದವರು ಆ ಗುಂಪಿನಲ್ಲಿ ಯಾರಿದ್ದರು? 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಕ್ಕಿ ಕೊಂದರು. ಇಷ್ಟಾದ ಮೇಲೂ ಸಂಶೋಧಕರಿಗೆ ನಮ್ರತೆಯ ಪಾಠ ಹೇಳುವ ಸಂಪಾದಕೀಯಗಳು ನಿಂತಿಲ್ಲ. ಪಾಠ ಹೇಳುವವರು ಪೀಠಗಳಿಗೆ ಒಂದಾದರೂ ಪ್ರಶ್ನೆ ಕೇಳಿದ್ದನ್ನು ನಾವು ಕಂಡಿಲ್ಲ.

ಈ ಸಂಚಿಕೆಯ ವಿಷಯ ಶರಣಾಗತಿ. ಆಶೀರ್ವಚನಗಳನ್ನು ಯಾರಿಂದಲೂ ಕೇಳಿಲ್ಲ, ಮೊದಲ ಪುಟಗಳು ಮುಕ್ತಾಯಕ್ಕನಿಗೆ ಮೀಸಲು. ನಮ್ಮ ನಿಲುವನ್ನು ಒಪ್ಪದವರು ದಯವಿಟ್ಟು ಬರೆಯಿರಿ, ಒಂದಕ್ಷರವನ್ನೂ ಕತ್ತರಿಸದೆ ಅಚ್ಚುಮಾಡುತ್ತೇವೆ.