ಮೆಗಾಪಿಕ್ಸೆಲ್ ಎಂಬ ಮಂಕುಬೂದಿ!

ತಮ್ಮಾ, ತಂಗೀ, ಮೀನಿನ ತೊಟ್ಟಿಯ ಫೋಟೋ ತೆಗೆಯೋಕೆ ಕಂತಿನ ಸಾಲ ಮಾಡಿ 24 ಮೆಗಾಪಿಕ್ಸೆಲ್ ಕ್ಯಾಮೆರಾ ತರಲು ಹೊರಟೆಯಾ? ನಿಲ್ಲು! ನಾನು ಪಿಯುಸಿ ಓದಿದ ಪ್ರೆಸ್ಸಿನವನು. ಆದರೆ ಅಚ್ಚಿನ ಲೆಕ್ಕ ನನಗೆ ಗೊತ್ತು. ಇಂಚಿಗೆ 300 ಚುಕ್ಕಿಯಂತೆ, 2008ರ ನಿಕಾನ್ ಡಿ90ರ 12 ಮೆಗಾಪಿಕ್ಸೆಲ್ ಚಿತ್ರ 14 ಇಂಚು ಅಗಲಕ್ಕೆ ಸಲೀಸಾಗಿ ಅಚ್ಚಾಗುತ್ತದೆ. ನಿನ್ನ ಗೋಡೆಗೆ ಇನ್ನೆಷ್ಟು ಬೇಕು?

ಅಂಗಡಿಯವನು ಬಾಯಿಬಿಡದ ಗುಟ್ಟು ಕೇಳು. ಡಿ3500, ಡಿ5600 ಬಾಡಿಯಲ್ಲಿ ಫೋಕಸ್ ಮೋಟರೇ ಇಲ್ಲ. ಹಳೆಯ 60 ಎಂಎಂ 'ಡಿ' ಮೈಕ್ರೋ ಲೆನ್ಸ್ ಹಾಕಿದರೆ ಕೈಯಲ್ಲೇ ತಿರುಗಿಸಬೇಕು. ಅಷ್ಟರಲ್ಲಿ ನಿಯಾನ್ ಟೆಟ್ರಾ ಗಿಡದ ಹಿಂದೆ! ಡಿ90ಯಲ್ಲಿ ಮೋಟರ್ ಇದೆ. ಅದರ ಪುಟ್ಟ ಫ್ಲ್ಯಾಶೇ ತಂತಿಯಿಲ್ಲದೆ ಎಸ್‌ಬಿ-600 ಫ್ಲ್ಯಾಶಿಗೆ ಅಪ್ಪಣೆ ಕೊಡುತ್ತದೆ. ಅದನ್ನು ತೊಟ್ಟಿಯ ಗಾಜಿನ ಮುಚ್ಚಳದ ಮೇಲಿಟ್ಟು ಹೊಡಿ. ಎದುರಿಂದ ಹೊಡೆದರೆ ಗಾಜಲ್ಲಿ ಬಿಳಿ ಮಚ್ಚೆ. ಅಂಥ ಚಿತ್ರ ತಂದು 'ಸರಿ ಮಾಡಿ ಅಣ್ಣಾ' ಅನ್ನುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಯಾವ ಪ್ರೆಸ್ಸೂ ಸರಿ ಮಾಡದು.

ಲೆನ್ಸ್ ಗಾಜಿಗೆ ನೇರವಿರಲಿ, ಓರೆಯಾದರೆ ಮಸುಕು. ಎಫ್11, ಸೆಕೆಂಡಿನ 1/200 ಸಾಕು. ಮಿರರ್‌ಲೆಸ್ ಬಂದ ಮೇಲೆ ಹಳೆಯ ಎಸ್‌ಎಲ್‌ಆರ್ ಅಗ್ಗ. ಬಾಡಿಯಲ್ಲಿ ಉಳಿದ ದುಡ್ಡು ಲೆನ್ಸಿಗೆ, ಫ್ಲ್ಯಾಶಿಗೆ ಹಾಕು.

ಅದಿರಲಿ, ತೊಟ್ಟಿಯ ಗಾಜಿನ ಪಾಚಿ ಕೆರೆದಿದ್ದೀಯಾ?