ಡೇಟಾ ಸೆಂಟರ್‌ಗಳು ತಾಸುತಾಸಿನ ಲೆಕ್ಕ ಕೊಡಲಿ



ಕೃತಕ ಬುದ್ಧಿಮತ್ತೆಗೆ ಬೇಕಾದ ವಿದ್ಯುತ್ತನ್ನು ಸೌರ ಮತ್ತು ಪವನ ಮೂಲಗಳಿಂದಲೇ ಪಡೆಯಬಹುದಾದ್ದರಿಂದ ಡೇಟಾ ಸೆಂಟರ್‌ಗಳನ್ನು, ಎಂದರೆ ಸಾವಿರಾರು ಗಣಕಗಳನ್ನು ಹಗಲಿರುಳೂ ನಡೆಸುವ ಕಟ್ಟಡಗಳನ್ನು, ರಿಯಾಯಿತಿ ಕೊಟ್ಟು ಕರೆತರಲು ಅಡ್ಡಿಯಿಲ್ಲವೆಂಬ ವಾದ ಆಗಾಗ ಕೇಳಿಬರುತ್ತದೆ. ವರ್ಷಕ್ಕೊಮ್ಮೆ ಹಾಕುವ ಲೆಕ್ಕವನ್ನು ನಂಬಿ ನಿಂತಿರುವ ಈ ವಾದ ಒಪ್ಪತಕ್ಕದ್ದಲ್ಲ.

ಕಂಪನಿಯೊಂದು ವರ್ಷದಲ್ಲಿ ಬಳಸಿದಷ್ಟೇ ಯೂನಿಟ್ ಸೌರವಿದ್ಯುತ್ತನ್ನು ಎಲ್ಲಿಂದಲಾದರೂ ಕೊಂಡರೆ ತನ್ನ ಬಳಕೆ ನೂರಕ್ಕೆ ನೂರು ಹಸಿರೆಂದು ಹೇಳಿಕೊಳ್ಳಲು ಈ ಪದ್ಧತಿ ಅವಕಾಶ ನೀಡುತ್ತದೆ. ಆದರೆ 2,050 ಮೆಗಾವ್ಯಾಟ್ ಸಾಮರ್ಥ್ಯದ ಪಾವಗಡ ಸೋಲಾರ್ ಪಾರ್ಕ್ ಹೊತ್ತು ಮುಳುಗಿದ ಮೇಲೆ ಒಂದು ಯೂನಿಟ್ಟನ್ನೂ ಕೊಡಲಾರದು. ಗಣಕಗಳೋ ರಾತ್ರಿಯೂ ವಿದ್ಯುತ್ತನ್ನು ಬೇಡುತ್ತಲೇ ಇರುತ್ತವೆ. ಆ ಹೊತ್ತಿನ ಕೊರತೆಯನ್ನು ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲೋ ಶರಾವತಿಯ ನೀರೋ ತುಂಬಬೇಕಾಗುತ್ತದೆ. 2023ರ ಬರದಲ್ಲಿ ಜಲಾಶಯಗಳ ನೀರು ತಗ್ಗಿ, ಪಂಪ್‌ಸೆಟ್‌ಗಳಿಗೆ ಏಳು ತಾಸಿನ ಬದಲು ಐದೇ ತಾಸು ತ್ರೀಫೇಸ್ ವಿದ್ಯುತ್ ಕೊಡಬೇಕಾಗಿ ಬಂದು ರೈತರು ಬೀದಿಗಿಳಿದುದನ್ನು ನಾಡು ಮರೆಯಬಾರದು.

ಹಗಲಿನ ವಿದ್ಯುತ್ತನ್ನು ಇರುಳಿಗೆ ಉಳಿಸುವ ಒಂದು ಬಗೆ ಪಂಪ್ಡ್ ಸ್ಟೋರೇಜ್. ಇದರಲ್ಲಿ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಏರಿಸಿಟ್ಟು, ಬೇಕಾದಾಗ ಇಳಿಬಿಟ್ಟು ವಿದ್ಯುತ್ ಉತ್ಪಾದಿಸಲಾಗುತ್ತದೆ, ಆದರೆ ಏರಿಸಲು ತಗಲುವಷ್ಟು ವಿದ್ಯುತ್ ಮರಳಿ ದೊರೆಯುವುದಿಲ್ಲ. ಶರಾವತಿ ಕಣಿವೆಯ ಗೇರುಸೊಪ್ಪ ಮತ್ತು ತಲಕಳಲೆ ಜಲಾಶಯಗಳ ನಡುವೆ ಯೋಜಿಸಲಾಗಿರುವ 2,000 ಮೆಗಾವ್ಯಾಟ್‌ಗಳ ಇಂತಹ ಯೋಜನೆಗೆ ಸಿಂಗಳೀಕಗಳ ಅಭಯಾರಣ್ಯದ ಕಾಡು ಬಲಿಯಾಗುವುದೆಂದು ಮಲೆನಾಡಿನ ಜನ ವಿರೋಧಿಸುತ್ತಿದ್ದಾರೆ. ರಾತ್ರಿಯ ಬೇಡಿಕೆಗೂ ಬೆಲೆಯಿದೆ. ಅದನ್ನು ತೆರುವವರು ಯಾರೆಂಬುದೇ ಇಲ್ಲಿನ ಪ್ರಶ್ನೆ.

ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ 2025ರ ವರದಿಯಂತೆ ಜಗತ್ತಿನ ಡೇಟಾ ಸೆಂಟರ್‌ಗಳು 2024ರಲ್ಲಿ ಸುಮಾರು 415 ಟೆರಾವ್ಯಾಟ್-ಗಂಟೆ, ಎಂದರೆ 41,500 ಕೋಟಿ ಯೂನಿಟ್ ವಿದ್ಯುತ್ ಬಳಸಿದ್ದು, 2030ರ ವೇಳೆಗೆ ಅದು ಇಮ್ಮಡಿಗೂ ಮೀರಲಿದೆ. ಐರ್ಲೆಂಡಿನ ವಿದ್ಯುತ್ ಬಳಕೆಯಲ್ಲಿ 2015ರಲ್ಲಿ ಶೇ 5ರಷ್ಟಿದ್ದ ಇವುಗಳ ಪಾಲು 2023ರಲ್ಲಿ ಶೇ 21ಕ್ಕೇರಿತು. ಅಲ್ಲಿನ ನಿಯಂತ್ರಣ ಆಯೋಗ 2021ರಲ್ಲಿಯೇ, ಹೊಸ ಕೇಂದ್ರಕ್ಕೆ ಸಂಪರ್ಕ ಕೊಡುವ ಮುನ್ನ ಅದು ಸ್ವಂತ ಉತ್ಪಾದನೆ ಅಥವಾ ಸಂಗ್ರಹ ವ್ಯವಸ್ಥೆ ಹೊಂದಬಲ್ಲುದೇ, ಕೊರತೆಯ ಹೊತ್ತಿನಲ್ಲಿ ಬಳಕೆ ತಗ್ಗಿಸಬಲ್ಲುದೇ ಎಂಬುದನ್ನು ಪರಿಶೀಲಿಸುವಂತೆ ಸೂಚಿಸಿತು.

2022ರಲ್ಲಿ ಡೇಟಾ ಸೆಂಟರ್ ನೀತಿ ರೂಪಿಸಿದ ಕರ್ನಾಟಕ ಸರ್ಕಾರವೂ ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವೂ ಇಂಥದೇ ಷರತ್ತುಗಳನ್ನು ವಿಧಿಸಬೇಕು. ಪ್ರತಿ ಕೇಂದ್ರವೂ ತಾನು ಬಳಸಿದ ವಿದ್ಯುತ್ತಿನ ಪ್ರಮಾಣವನ್ನೂ ಮೂಲವನ್ನೂ ತಾಸುವಾರು ಪ್ರಕಟಿಸಬೇಕು. ರಾತ್ರಿಯ ಬಳಕೆಗೆ ಬೇಕಾದ ಬ್ಯಾಟರಿಗಳ ವೆಚ್ಚವನ್ನು ತಾನೇ ಹೊರಬೇಕು. ಬರಗಾಲದಲ್ಲಿ, ತಡವಾದರೂ ನಡೆಯುವಂತಹ ಗಣನಕಾರ್ಯವನ್ನು ಹಗಲಿಗೆ ಮುಂದೂಡಬೇಕು. ಈ ಹೊಣೆಯನ್ನು ಒಪ್ಪದ ಕೇಂದ್ರಕ್ಕೆ ರಿಯಾಯಿತಿ ಕೊಟ್ಟರೆ, ಅದರ ರಾತ್ರಿಯ ಬಿಲ್ಲನ್ನು ಪಂಪ್‌ಸೆಟ್ಟಿನ ರೈತನೂ ಶರಾವತಿಯ ಕಾಡೂ ಕಟ್ಟಬೇಕಾಗುತ್ತದೆ.

ಓದುಗರೊಬ್ಬರು, ಶಿವಮೊಗ್ಗ