ದೀಪ ಮಂಕಾದದ್ದು ಖರೇ!

ಹೊಡೆತದ ಬಾಸುಂಡೆ ಊರಿಗೆ ಕಾಣ್ತದ. ‘ನಿನಗ ತಲಿ ಸರಿ ಇಲ್ಲ’ ಅಂತ ದಿನಾ ಚುಚ್ಚಿದ್ದು ಯಾರಿಗೆ ಕಾಣ್ತದ್ರಿ?

1944ರ ‘ಗ್ಯಾಸ್‌ಲೈಟ್’ ಚಿತ್ರದಲ್ಲಿ ಗಂಡ ಸಾಮಾನು ಬಚ್ಚಿಟ್ಟು, ಹೆಂಡತಿಗೇ ಮರೆವು ಎಂದು ನಂಬಿಸುತ್ತಾನೆ. ಇಂಗ್ರಿಡ್ ಬರ್ಗ್‌ಮನ್‌ಗೆ ಆಸ್ಕರ್ ತಂದ ಪಾತ್ರ! ದೀಪ ಮಂಕಾಗುವುದನ್ನು ಇನ್ನೊಬ್ಬನೂ ಕಂಡಾಗಲೇ ಆಕೆಗೆ ಧೈರ್ಯ. ನಮ್ಮ ‘ಶರಪಂಜರ’ದ ಕಾವೇರಿ ಗುಣವಾಗಿ ಮನೆಗೆ ಬಂದರೂ ಮಂದಿ ಹುಚ್ಚಿಯೆಂದೇ ನೋಡಿದರು. ಕಲ್ಪನಾ ಕಣ್ಣಲ್ಲಿದ್ದ ಸಂಕಟ ಅದೇ.

ಭಾಲ್ಕಿಯ ಅಕ್ಕಂದಿರೇ, ಸಂಘದಲ್ಲಿ ರೊಕ್ಕ ಎಣಿಸಿದ ಮ್ಯಾಲೆ ಅರ್ಧ ತಾಸು ಕೂಡ್ರಿ. ಬುದ್ಧಿ ಹೇಳಬ್ಯಾಡ್ರಿ, ಕೇಳ್ರಿ. ಕೇಳಿದ್ದು ಹೊರಗ ಹೋಗಬಾರ್ದು. ‘ನನಗೂ ಹಿಂಗೇ ಆಗಿತ್ತವ್ವ’ ಅನ್ನೋ ಒಂದು ಮಾತಿಗೆ ಅರ್ಧ ಗಾಯ ಮಾಯ್ತದ. ಉಳಿದರ್ಧಕ್ಕೆ 2005ರ ಕೌಟುಂಬಿಕ ಹಿಂಸೆ ಕಾಯ್ದೆ ಇದೆ. ಮಾತಿನ, ಮನಸ್ಸಿನ ಹಿಂಸೆಯೂ ಅದರಲ್ಲಿ ಹಿಂಸೆಯೇ. ಸಹಾಯವಾಣಿ 181.